ಲಂಕೇಶನಿಂದ ಹಣ್ಣೆಲೆಯವರೆಗೆ

ನಮ್ಮ ಊರಿನ ಕನ್ನಡ ಸಂಘಕ್ಕೆ ನಾನು ಖಜಾಂಚಿ. ಬಿ.ಕಾಂ. ಮುಗಿಸಿ ಸಿ.ಎ. ಮಾಡಿಕೊಂಡು ಕೆನಡಾಕ್ಕೆ ಬಂದವನಿಗೆ ಸಂಘದವರು ಬೇರೆ ಯಾವ ಹುದ್ದೆ ಕೊಟ್ಟಾರು? ಒಂದು ವರ್ಷ ರಾಜ್ಯೋತ್ಸವದ ರಸಪ್ರಶ್ನೆಗೆ ಪ್ರಶ್ನೆ ಹೊಂದಿಸುವ ಕೆಲಸವೂ ನನ್ನ ತಲೆಗೇ ಬಂತು. ವಿಷಯ, ಕನ್ನಡ ಚಿತ್ರರಂಗ. "ಕನ್ನಡದ ಮೊದಲ ವಾಕ್ಚಿತ್ರ ಯಾವುದು?" ಎಂದಾಗ ಸಭಾಂಗಣದಲ್ಲಿ ಅರ್ಧಕ್ಕರ್ಧ ಕೈಗಳು ಎದ್ದವು. "ಸತಿ ಸುಲೋಚನಾ." ಸರಿ. "ಅದರಲ್ಲಿ ರಾವಣನ ಪಾತ್ರ ಮಾಡಿದವರು?" ಒಂದು ಕೈಯೂ ಏಳಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ಧೈರ್ಯ ಮಾಡಿ "ರಾಜ್‌ಕುಮಾರ್" ಎಂದ. ಎಲ್ಲರೂ ನಕ್ಕರು. ಆದರೆ ನಕ್ಕವರಲ್ಲಿ ಯಾರಿಗೂ ಸರಿಯುತ್ತರ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಅಮ್ಮ ದಾವಣಗೆರೆಯಿಂದ ಬಂದು ನಮ್ಮ ಜೊತೆ ಇದ್ದರು. ಹಿಂದಿನ ವಾರವಷ್ಟೇ ಮನೆಯಲ್ಲಿ 'ಹಣ್ಣೆಲೆ ಚಿಗುರಿದಾಗ' ಹಾಕಿಕೊಟ್ಟಿದ್ದೆ. ಕಾರ್ಯಕ್ರಮ ಮುಗಿಸಿ ಕಾರಿನಲ್ಲಿ ಮನೆಗೆ ಬರುವಾಗ ಹೇಳಿದೆ: "ಅಮ್ಮಾ, ಅವತ್ತು ನೋಡಿದೆಯಲ್ಲ, ಆ ಸಿನಿಮಾದಲ್ಲಿ ಕಲ್ಪನಾಗೆ ತಂದೆ ಆದವರು, ಅವರೇ ಆ ರಾವಣ."

"ಹೌದೇನಪ್ಪಾ? ಆ ಮುದುಕರೇ?" ಎಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ವರ್ಷ ಮಾಡಿದರಪ್ಪಾ ಅವರು?" ಎಂದು ಕೇಳಿದರು.

ಆ ಲೆಕ್ಕ ಹಾಕಲು ಹೋಗಿ ಹುಟ್ಟಿದ್ದು ಈ ಬರಹ.

ರಟ್ಟಿಹಳ್ಳಿ ನಾಗೇಂದ್ರರಾಯರು ಹುಟ್ಟಿದ್ದು 1896ರಲ್ಲಿ, ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ. ಚಿತ್ರರಂಗಕ್ಕೆ ಅವರು ಆರ್. ನಾಗೇಂದ್ರರಾವ್. ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದವರು. ಆಗಿನ ಕಂಪನಿಗಳಲ್ಲಿ ಹೆಣ್ಣು ಪಾತ್ರಗಳನ್ನು ಹೆಚ್ಚಾಗಿ ಹುಡುಗರೇ ಮಾಡುತ್ತಿದ್ದರು; ಅವರೂ ಹಾಗೆ ಸೀರೆ ಉಟ್ಟು ರಂಗಕ್ಕೆ ಬಂದವರು. ದನಿ ಒಡೆದ ಮೇಲೆ ಗಂಡು ಪಾತ್ರ. ಹಾಡು ಬರಲೇಬೇಕು, ಏಕೆಂದರೆ ಕಂಪನಿ ನಾಟಕದಲ್ಲಿ ರಾಜನೂ ಹಾಡುತ್ತಾನೆ, ಮಂತ್ರಿಯೂ ಹಾಡುತ್ತಾನೆ, ಕೊನೆಯುಸಿರೆಳೆಯುವವನೂ ಹಾಡುತ್ತಾನೆ. ಜನ 'ಒನ್ಸ್ ಮೋರ್' ಅಂದರೆ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಾನೆ. ಮೈಕ್ ಇಲ್ಲದ ಕಾಲ. ಹಿಂದೆ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು, ಮುಟ್ಟದಿದ್ದರೆ ನಾಳೆ ಅವನು ಬರುವುದಿಲ್ಲ.

ರಾಯರನ್ನು ಬಹುಮುಖ ಪ್ರತಿಭೆ ಎಂದು ಕರೆಯುವುದು ರೂಢಿ. ನಟ, ಗಾಯಕ, ಸಂಗೀತ ಸಂಯೋಜಕ, ಬರಹಗಾರ, ನಿರ್ದೇಶಕ, ನಿರ್ಮಾಪಕ ಎಲ್ಲವೂ ಹೌದು. ಆದರೆ ಕಂಪನಿ ನಾಟಕದ ಜಮಾ-ಖರ್ಚು ಬಲ್ಲವರಿಗೆ ಈ ಬಹುಮುಖತೆಯ ಇನ್ನೊಂದು ಮೂಲ ಕಾಣುತ್ತದೆ. ಒಂದು ಕಂಪನಿ ಎಂದರೆ ಹತ್ತಾರು ಜನರ ಊಟ, ಪರದೆ-ಪೋಷಾಕುಗಳ ಸಾಗಣೆ, ಕ್ಯಾಂಪ್ ಹಾಕಿದ ಊರಿನಲ್ಲಿ ಚಪ್ಪರದ ಖರ್ಚು, ಮಳೆ ಬಂದರೆ ಆ ರಾತ್ರಿಯ ಕಲೆಕ್ಷನ್ ಸೊನ್ನೆ. ಅಂಥ ಕಡೆ ಒಬ್ಬ ಮನುಷ್ಯ ಒಂದೇ ಕೆಲಸ ಮಾಡಿದರೆ ಕಂಪನಿ ನಡೆಯುವುದಿಲ್ಲ. ನಟನೇ ಪದ ಕಲಿಸಬೇಕು, ಹೊಸ ಹುಡುಗನನ್ನು ತಿದ್ದಬೇಕು, ನಾಟಕಕ್ಕೆ ಒಂದು ದೃಶ್ಯ ಕಡಿಮೆ ಬಿದ್ದರೆ ಬರೆದುಕೊಡಬೇಕು. ಬಹುಮುಖತೆ ಅಲ್ಲಿ ಅಲಂಕಾರವಾಗಿರಲಿಲ್ಲ, ದಿನದ ಕೂಲಿಯಾಗಿತ್ತು.

ಇಂಥ ತರಬೇತಿ ಪಡೆದವರ ಮುಂದೆ 1931ರಲ್ಲಿ ಸಿನಿಮಾ ಮಾತಾಡತೊಡಗಿತು. ಆ ವರ್ಷದ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ 'ಆಲಂ ಆರಾ' ತೆರೆ ಕಂಡಿತು. ಅಕ್ಟೋಬರ್ ಕೊನೆಗೆ ದಕ್ಷಿಣದ 'ಕಾಳಿದಾಸ್' ಬಂತು. ದಕ್ಷಿಣದ ಭಾಷೆಗಳ ಆರಂಭದ ಟಾಕಿಗಳೂ ತಯಾರಾಗುತ್ತಿದ್ದುದು ಬೊಂಬಾಯಿಯಲ್ಲೇ. ಮೂಕಿ ಚಿತ್ರಕ್ಕೆ ಮುಖ ಸಾಕಿತ್ತು, ಮಾತಿನ ಚಿತ್ರಕ್ಕೆ ಕಂಠ ಬೇಕಾಯಿತು. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ನಿಂತವನೇ ಹಾಡಬೇಕು. ಕಂಠ ಎಲ್ಲಿ ಸಿಗುತ್ತದೆ? ನಾಟಕ ಕಂಪನಿಗಳಲ್ಲಿ. ರಾಯರೂ ಬೊಂಬಾಯಿಯ ಹಾದಿ ಹಿಡಿದರು. 1932ರ ತಮಿಳು ಚಿತ್ರ 'ಪಾರಿಜಾತ ಪುಷ್ಪಾಪಹರಣಂ'ನಲ್ಲಿ ಪಾತ್ರ ಮಾಡಿದರು. ಕನ್ನಡಕ್ಕೆ ಇನ್ನೂ ಒಂದು ವಾಕ್ಚಿತ್ರವೂ ಇಲ್ಲದಿದ್ದಾಗ ಕನ್ನಡದ ನಟ ಬೇರೆ ಭಾಷೆಯಲ್ಲಿ ಈ ಹೊಸ ಕಸುಬು ಕಲಿತ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಸರದಿ ಬಂದದ್ದು 1934ರಲ್ಲಿ. ಬೆಂಗಳೂರಿನಲ್ಲಿ ವ್ಯಾಪಾರದಲ್ಲಿದ್ದ ಮಾರವಾಡಿ ಚಮನ್‌ಲಾಲ್ ಡೂಂಗಾಜಿ ಅವರ ಸೌತ್ ಇಂಡಿಯಾ ಮೂವಿಟೋನ್ ಹಣ ಹಾಕಿತು. ನಿರ್ದೇಶಕ ವೈ.ವಿ. ರಾವ್, ಲಕ್ಷ್ಮಣನ ಪಾತ್ರವೂ ಅವರದೇ. ಕಥೆ-ಸಂಭಾಷಣೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಸುಲೋಚನೆಯಾಗಿ ತ್ರಿಪುರಾಂಬ, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಮಂಡೋದರಿಯಾಗಿ ಲಕ್ಷ್ಮೀಬಾಯಿ, ರಾವಣನಾಗಿ ನಾಗೇಂದ್ರರಾಯರು. ಸಂಗೀತದಲ್ಲೂ ರಾಯರ ಕೈಯಿತ್ತು. ನಮ್ಮಲ್ಲಿ ಸ್ಟುಡಿಯೋ ಇರಲಿಲ್ಲವಾದ್ದರಿಂದ ತಂಡವೆಲ್ಲ ಕೊಲ್ಲಾಪುರಕ್ಕೆ ಹೋಗಿ ಎರಡು ತಿಂಗಳಲ್ಲಿ ಚಿತ್ರ ಮುಗಿಸಿತು. ಖರ್ಚು ಸುಮಾರು 40,000 ರೂಪಾಯಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡು ಆರು ವಾರ ಓಡಿತು.

40,000 ರೂಪಾಯಿಯಲ್ಲಿ, ಎರಡು ತಿಂಗಳಲ್ಲಿ, ಮೂರು ಗಂಟೆ ಹತ್ತಿರದ ಚಿತ್ರ ಹೇಗೆ ಮುಗಿಯಿತು? ಲೆಕ್ಕಿಗನಾಗಿ ನನಗೆ ಈ ಪ್ರಶ್ನೆ ಕಾಡಿತು. ಉತ್ತರ ಖರ್ಚಿನ ಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಪೌರಾಣಿಕ ಮಾತು ನಾಲಿಗೆಯ ಮೇಲಿದ್ದ, ಶ್ರುತಿ ಹಿಡಿದು ನಿಂತು ಹಾಡಬಲ್ಲ, ಇನ್ನೊಬ್ಬರ ಮಾತಿಗೆ ಸರಿಯಾಗಿ ಮಾತು ಸೇರಿಸಬಲ್ಲ ನಟರು ತಯಾರಾಗಿಯೇ ಬಂದಿದ್ದರು. ಆ ತಯಾರಿಗೆ ಬೇಕಾದ ವರ್ಷಗಳನ್ನು ಹಳ್ಳಿ-ಪೇಟೆಗಳ ನಾಟಕದ ಚಪ್ಪರಗಳಲ್ಲಿ ಟಿಕೆಟ್ ಕೊಂಡ ಜನ ಆಗಲೇ ಕೊಟ್ಟು ಮುಗಿಸಿದ್ದರು. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ನಿಯಮವಿದೆ: ಸಂಸ್ಥೆ ಹಣ ಕೊಟ್ಟು ಕೊಂಡ ಗುಡ್‌ವಿಲ್ ಅನ್ನು ಆಸ್ತಿ ಎಂದು ಪುಸ್ತಕದಲ್ಲಿ ತೋರಿಸಬಹುದು; ತಾನೇ ಬೆಳೆಸಿಕೊಂಡದ್ದನ್ನು ತೋರಿಸುವಂತಿಲ್ಲ. ಕನ್ನಡ ಚಿತ್ರರಂಗದ ಮೊದಲ ಬಂಡವಾಳ ಈ ಎರಡನೆಯ ಬಗೆಯದು. ಅದಕ್ಕೇ ಅದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ರಂಗಭೂಮಿಯನ್ನು ಸಿನಿಮಾ ಕೊಂದಿತು ಎಂಬ ಮಾತು ಸಾಮಾನ್ಯ. ಪೂರ್ತಿ ಸುಳ್ಳಲ್ಲ. ನಾಟಕ ಒಂದು ರಾತ್ರಿ ಒಂದೇ ಊರಿನಲ್ಲಿ ನಡೆಯುತ್ತದೆ. ಸಿನಿಮಾದ ನಾಲ್ಕು ಪ್ರಿಂಟ್ ಹಾಕಿಸಿದರೆ ನಾಲ್ಕು ಊರಿನಲ್ಲಿ ಒಂದೇ ದಿನ ಓಡುತ್ತದೆ, ನಟರಿಗೆ ಇನ್ನೊಮ್ಮೆ ಊಟ ಹಾಕಬೇಕಾಗಿಲ್ಲ. ಆದರೆ ರಾಯರ ಬಾಳಿನಲ್ಲಿ ಈ ಎರಡೂ ಒಂದನ್ನೊಂದು ಸಾಕಿದವು. ಅವರೂ ಸುಬ್ಬಯ್ಯ ನಾಯ್ಡು ಅವರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸಿದರು. ಆ ಮಂಡಳಿಯ 'ಭೂಕೈಲಾಸ' ಎಷ್ಟು ಹೆಸರು ಮಾಡಿತೆಂದರೆ, ಮದರಾಸಿನ ಎ.ವಿ. ಮೆಯ್ಯಪ್ಪನ್ ಅದನ್ನು ತೆಲುಗು ಚಿತ್ರವಾಗಿ ತೆಗೆದರು. 1940ರ ಆ ಚಿತ್ರದ ಸಂಗತಿ ಸ್ವಾರಸ್ಯವಾದದ್ದು: ಭಾಷೆ ತೆಲುಗು, ನಿರ್ಮಾಪಕ ತಮಿಳರು, ನಿರ್ದೇಶಕ ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿ, ನಾಟಕ ಕನ್ನಡದ್ದು, ಮುಖ್ಯ ಪಾತ್ರಗಳಲ್ಲಿ ಕನ್ನಡ ರಂಗಭೂಮಿಯವರು. ಸುಬ್ಬಯ್ಯ ನಾಯ್ಡು ರಾವಣ, ನಾಗೇಂದ್ರರಾಯರು ನಾರದ. ಆರು ವರ್ಷದ ಹಿಂದೆ ಲಂಕೆಯ ಸಿಂಹಾಸನದಲ್ಲಿ ಕೂತಿದ್ದವರು ಈಗ ಲಂಕೇಶನಿಗೇ ಬುದ್ಧಿ ತಪ್ಪಿಸುವ ನಾರದರಾದರು. ಗೆಳೆಯರಿಬ್ಬರ ನಡುವೆ ಕಿರೀಟ ಕೈ ಬದಲಾಯಿಸಿತು ಅಷ್ಟೇ.

ಅದೇ ಮೆಯ್ಯಪ್ಪನ್ ಅವರ ಜೊತೆ 1941ರಲ್ಲಿ ಕನ್ನಡದ 'ವಸಂತಸೇನಾ' ಬಂತು. ಸುಬ್ಬಯ್ಯ ನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ, ರಾಯರು ಶಕಾರ. ಶೂದ್ರಕನ 'ಮೃಚ್ಛಕಟಿಕ' ಓದಿದವರಿಗೆ ಗೊತ್ತು, ಶಕಾರ ಎಂಥ ಪಾತ್ರವೆಂದು. ರಾಜನ ಭಾವಮೈದುನನೆಂಬ ಸೊಕ್ಕು, ತಪ್ಪುತಪ್ಪಾದ ಪುರಾಣಜ್ಞಾನ, ನಗಿಸುತ್ತ ನಗಿಸುತ್ತಲೇ ಕೊರಳಿಗೆ ಕೈ ಹಾಕುವ ಕ್ರೌರ್ಯ. ನಗೆ ಹೆಚ್ಚಾದರೆ ಭಯ ಹೋಗುತ್ತದೆ, ಭಯ ಹೆಚ್ಚಾದರೆ ನಗೆ ಹೋಗುತ್ತದೆ. ರಾವಣ, ನಾರದ, ಶಕಾರ: ಏಳು ವರ್ಷದೊಳಗೆ ಒಬ್ಬನೇ ನಟ ತೆರೆಯ ಮೇಲೆ ಮಾಡಿದ ಮೂರು ಪಾತ್ರಗಳಿವು.

1943ರಲ್ಲಿ ರಾಯರ ನಿರ್ದೇಶನದಲ್ಲಿ 'ಸತ್ಯ ಹರಿಶ್ಚಂದ್ರ' ತೆರೆ ಕಂಡಿತು. ಯುದ್ಧದ ಕಾಲ, ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟ. ಕನ್ನಡದಲ್ಲಿ ಗೆದ್ದ ಚಿತ್ರವನ್ನು ತಮಿಳಿನಲ್ಲಿ ಮತ್ತೆ ತೆಗೆಯುವ ಬದಲು ಮೆಯ್ಯಪ್ಪನ್ ಅದರ ಮೇಲೆ ತಮಿಳು ಮಾತು ಕೂರಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದನ್ನು ಗುರುತಿಸುತ್ತಾರೆ. ಡಬ್ಬಿಂಗ್ ಬೇಕೋ ಬೇಡವೋ ಎಂದು ಕನ್ನಡಿಗರು ಮುಂದೆ ದಶಕಗಳ ಕಾಲ ಜಗಳವಾಡಿದೆವು. ದೇಶದ ಮೊದಲ ಡಬ್ಬಿಂಗ್ ಚಿತ್ರ ಕನ್ನಡದಿಂದ ಹೊರಗೆ ಹೋದದ್ದು ಎಂಬುದನ್ನು ಆ ಜಗಳದಲ್ಲಿ ನೆನೆದವರು ಕಡಿಮೆ.

ಆಮೇಲೆ 1947ರಲ್ಲಿ 'ಮಹಾತ್ಮ ಕಬೀರ್'. ದೇಶ ಒಡೆದ ವರ್ಷದಲ್ಲಿ ಕಬೀರನ ಕಥೆ ತೆರೆಗೆ ಬಂದದ್ದು ಬರೀ ಕಾಕತಾಳೀಯವೋ ಅಲ್ಲವೋ, ಹೆಸರು ಓದಿದಾಗ ಮನಸ್ಸು ಒಂದು ಗಳಿಗೆ ನಿಲ್ಲುತ್ತದೆ. 1953ರ ಹೊತ್ತಿಗೆ 'ಜಾತಕ ಫಲ'. ಇದು ಪುರಾಣವಲ್ಲ, ನಮ್ಮ ನಿಮ್ಮ ಮನೆಯ ಕಥೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ರಾಯರದೇ ನಿರ್ದೇಶನ. 1957ರಲ್ಲಿ ತಮ್ಮ ಆರ್.ಎನ್.ಆರ್. ಪಿಕ್ಚರ್ಸ್‌ನಿಂದ 'ಪ್ರೇಮದ ಪುತ್ರಿ'. ಮಗ ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾಗಿ ಬೆಳಕಿಗೆ ಬಂದದ್ದು ಈ ಚಿತ್ರದಿಂದ. 1961ರ 'ವಿಜಯನಗರದ ವೀರಪುತ್ರ'ದಲ್ಲಿ ಇನ್ನೊಬ್ಬ ಮಗ ಆರ್.ಎನ್. ಸುದರ್ಶನ್ ನಾಯಕ. ಮತ್ತೊಬ್ಬ ಮಗ ಆರ್.ಎನ್. ಕೃಷ್ಣಪ್ರಸಾದ್ ಛಾಯಾಗ್ರಾಹಕರು. ಅಪ್ಪ ನಿರ್ದೇಶಕ, ಒಬ್ಬ ಮಗ ಕ್ಯಾಮೆರಾ ಹಿಂದೆ, ಒಬ್ಬ ಪೆನ್ನು ಹಿಡಿದು, ಒಬ್ಬ ಬಣ್ಣ ಹಚ್ಚಿ. ನಾಟಕ ಕಂಪನಿ ಬೇರೆ ವೇಷದಲ್ಲಿ ಮನೆಯೊಳಗೇ ಮುಂದುವರಿದಂತೆ ನನಗೆ ಕಾಣುತ್ತದೆ. ಗೆಳೆಯರ ಮನೆಯಲ್ಲೂ ಅದೇ: ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್ ಮುಂದೆ 'ಭೂತಯ್ಯನ ಮಗ ಅಯ್ಯು' ಮತ್ತು 'ಪರಸಂಗದ ಗೆಂಡೆತಿಮ್ಮ' ಚಿತ್ರಗಳಲ್ಲಿ ನಮ್ಮ ಮನಸ್ಸಿನಲ್ಲಿ ನಿಂತರು.

ಇನ್ನು 1968. ತ್ರಿವೇಣಿ ಅವರ ಕಾದಂಬರಿ, ಎಂ.ಆರ್. ವಿಠ್ಠಲ್ ನಿರ್ದೇಶನ, ರಾಜ್‌ಕುಮಾರ್ ಮತ್ತು ಕಲ್ಪನಾ, ಜಯಗೋಪಾಲರ ಹಾಡು. ಎಪ್ಪತ್ತು ದಾಟಿದ ರಾಯರು ಸಂಪ್ರದಾಯಸ್ಥ ಮನೆಯ ಹಿರಿಯ. ಮಗಳು ವಿಧವೆ. ಆ ತಂದೆಯ ಒಣಗಿದ ಮನಸ್ಸು ಹೇಗೆ ಚಿಗುರುತ್ತದೆ, ಮಗಳ ಮರುಮದುವೆಗೆ ಹೇಗೆ ಒಪ್ಪುತ್ತದೆ ಎಂಬುದರ ಮೇಲೆ ಇಡೀ ಚಿತ್ರ ನಿಂತಿದೆ. ಶೀರ್ಷಿಕೆಯ ಹಣ್ಣೆಲೆ ಅವರೇ.

ಅಮ್ಮ ಕೇಳಿದ ಲೆಕ್ಕ ಇಲ್ಲಿ ಮುಗಿಯಬೇಕಿತ್ತು: 1934ರಿಂದ 1968, ಮೂವತ್ತನಾಲ್ಕು ವರ್ಷ. ಆದರೆ ಈ ಎರಡು ಚಿತ್ರಗಳ ಹೆಸರನ್ನು ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬರೆದಾಗ ನನಗೆ ಹೊಳೆದದ್ದು ಬೇರೆ. ಸುಲೋಚನೆ ಯಾರು? ಇಂದ್ರಜಿತುವಿನ ಹೆಂಡತಿ, ರಾವಣನ ಸೊಸೆ. ಯುದ್ಧದಲ್ಲಿ ಗಂಡ ಸತ್ತ ಮೇಲೆ ರಾಮನ ಪಾಳೆಯಕ್ಕೆ ಹೋಗಿ ಅವನ ಶಿರಸ್ಸನ್ನು ಬೇಡಿ ತಂದು ಚಿತೆಯೇರುವವಳು. ಪುರಾಣದ ಆ ಕಥೆಯಲ್ಲಿ ಅದೇ ಅವಳ ಹಿರಿಮೆ. ಚಿತ್ರದ ಹೆಸರಿನಲ್ಲೇ 'ಸತಿ' ಇದೆ. ಕನ್ನಡ ತೆರೆ ಮೊದಲ ಸಲ ಮಾತಾಡಿದಾಗ ಆರಿಸಿಕೊಂಡದ್ದು ಗಂಡ ಸತ್ತ ಹೆಣ್ಣೊಬ್ಬಳ ಕಥೆ, ಆಗ ಆ ಮನೆಯ ಹಿರಿಯನಾಗಿ ನಿಂತವರು ನಾಗೇಂದ್ರರಾಯರು. ಮೂವತ್ತನಾಲ್ಕು ವರ್ಷದ ಮೇಲೆ ಮತ್ತೆ ಗಂಡ ಸತ್ತ ಹೆಣ್ಣೊಬ್ಬಳ ಕಥೆ, ಆ ಮನೆಯ ಹಿರಿಯರೂ ನಾಗೇಂದ್ರರಾಯರೇ. ಮೊದಲನೆಯವಳಿಗೆ ಚಿತೆ. ಎರಡನೆಯವಳಿಗೆ ಮದುವೆ.

ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ. 'ಸತಿ ಸುಲೋಚನಾ' ಬರುವ ಹೊತ್ತಿಗೆ ಆ ಕಾನೂನಿಗೆ 78 ವರ್ಷ. ಕಾನೂನು ಒಂದು ದಿನದಲ್ಲಿ ಆಗುತ್ತದೆ, ಮನೆಯ ಯಜಮಾನನ ಮನಸ್ಸು ಬದಲಾಗಲು ತಲೆಮಾರುಗಳು ಬೇಕು. ಆ ಬದಲಾವಣೆಗೆ ದಾಖಲೆ ಎಲ್ಲಿ? ಗೆಜೆಟ್‌ನಲ್ಲಿ ಇರುವುದಿಲ್ಲ. ತ್ರಿವೇಣಿಯವರಂಥ ಲೇಖಕಿಯ ಕಾದಂಬರಿಯಲ್ಲಿ ಇರುತ್ತದೆ. ಎಪ್ಪತ್ತು ದಾಟಿದ ನಟನೊಬ್ಬನ ಮುಖದಲ್ಲಿ ಇರುತ್ತದೆ. ಆ ಪಾತ್ರಕ್ಕೆ ರಾಯರು ಹೊಸದಾಗಿ ಮುದುಕನ ವೇಷ ಹಾಕಬೇಕಾಗಿರಲಿಲ್ಲ. ಹಿಂದಿನ ಶತಮಾನದಲ್ಲಿ ಹುಟ್ಟಿ, ಹೆಣ್ಣಿನ ಸೀರೆ ಉಟ್ಟು ರಂಗಕ್ಕೆ ಬಂದು, ಪುರಾಣಗಳನ್ನೆಲ್ಲ ಬಾಯಲ್ಲಿ ಆಡಿ ಮುಗಿಸಿದವರು ಅವರು. ಹಳೆಯದನ್ನು ಬಿಡುವುದು ಎಷ್ಟು ಕಷ್ಟ ಎಂದು ತೋರಿಸಬೇಕಾದರೆ ಹಳೆಯದು ಮೈಯಲ್ಲೇ ಇರಬೇಕು. ಸುಧಾರಣೆಯನ್ನು ಬಾಯಿಪಾಠ ಒಪ್ಪಿಸುವ ನಟ ಸಿಗುವುದು ಸುಲಭ. ಸುಧಾರಣೆಗೆ ಮೊದಲು ಅಡ್ಡ ನಿಂತು ಆಮೇಲೆ ಕರಗುವ ನಟ ಸಿಗುವುದು ಕಷ್ಟ. ಅಮ್ಮ ಆ ಚಿತ್ರ ನೋಡುವಾಗ ಕಲ್ಪನಾಗಾಗಿ ಅಲ್ಲ, ಆ ತಂದೆಗಾಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೆ.

1976ರಲ್ಲಿ ರಾಯರಿಗೆ ಪದ್ಮಶ್ರೀ ಬಂತು. ಮರುವರ್ಷ ತೀರಿಕೊಂಡರು.

'ಸತಿ ಸುಲೋಚನಾ'ದ ಪ್ರಿಂಟ್ ಇಂದು ಉಳಿದಿಲ್ಲ. ಮೊದಲ ಕನ್ನಡ ವಾಕ್ಚಿತ್ರದ ರಾವಣ ಹೇಗೆ ಗರ್ಜಿಸಿದ, ಮಗ ಸತ್ತ ಸುದ್ದಿ ಕೇಳಿದಾಗ ಆ ಹತ್ತು ತಲೆಯವನ ಒಂದು ಮುಖ ಹೇಗಿತ್ತು, ನಾವು ಯಾರೂ ನೋಡಲಾರೆವು. ಪುಸ್ತಕದಲ್ಲಿ ಪ್ರಾರಂಭಿಕ ಶಿಲ್ಕಿನ ಪುಟವೇ ಹರಿದುಹೋದಂತೆ. ಲೆಕ್ಕಪರಿಶೋಧನೆಯಲ್ಲಿ ಹೀಗಾದಾಗ ನಾವು ಅಂತಿಮ ಶಿಲ್ಕಿನಿಂದ ಹಿಂದಕ್ಕೆ ನಡೆಯುತ್ತೇವೆ: ಇಲ್ಲಿ ಇಷ್ಟು ಇದೆ, ನಡುವೆ ಇಷ್ಟು ಹೋಗಿದೆ, ಇಷ್ಟು ಬಂದಿದೆ, ಆದ್ದರಿಂದ ಮೊದಲು ಇಷ್ಟು ಇದ್ದಿರಬೇಕು. 'ಹಣ್ಣೆಲೆ ಚಿಗುರಿದಾಗ' ಉಳಿದಿದೆ. ಅದರಲ್ಲಿನ ಆ ಹಿರಿಯರನ್ನು ನೋಡಿ, ಅಲ್ಲಿಂದ ಹಿಂದಕ್ಕೆ ನಡೆದು, ಕೊಲ್ಲಾಪುರದ ಆ ಲಂಕೆಯನ್ನು ಊಹಿಸಿಕೊಳ್ಳುವುದಷ್ಟೇ ನಮಗೆ ಉಳಿದ ದಾರಿ.

ಮರುವರ್ಷದ ರಸಪ್ರಶ್ನೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಹಾಕಿದೆ. ಕಳೆದ ಸಲ "ರಾಜ್‌ಕುಮಾರ್" ಎಂದಿದ್ದ ಹುಡುಗನೇ ಎದ್ದು ನಿಂತು "ಆರ್. ನಾಗೇಂದ್ರರಾವ್" ಎಂದ. ಹೇಗೆ ಗೊತ್ತಾಯಿತೋ ಎಂದು ಕೇಳಿದರೆ, ಹಿಂದಿನ ಸಲ ಎಲ್ಲರೂ ನಕ್ಕದ್ದಕ್ಕೆ ಮನೆಗೆ ಹೋಗಿ ಹುಡುಕಿದೆ ಅಂಕಲ್, ಎಂದ. ಅಮ್ಮನಿಗೆ ದಾವಣಗೆರೆಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು ಬಿಡಪ್ಪಾ, ಒಂದು ಹುಡುಗನಿಗಾದರೂ ಗೊತ್ತಾಯ್ತಲ್ಲ," ಎಂದರು.